ಬೇಸ್ ಗಿಟಾರ್‌ನ ನೆಕ್ ಮೇಲೆ ಸ-ಗ-ಪ: ಎಲ್ಲಿಗಾದರೂ ಸರಿಸಬಹುದಾದ ಆರ್ಪೆಜಿಯೊ ಆಕಾರಗಳು

ಸ್ಟೇಜ್ ಮೇಲೆ ಹಾಡುವವರು ಹಿಂತಿರುಗಿ "ಅರ್ಧ ಸ್ಕೇಲ್ ಇಳಿಸಿ" ಅಂದರೆ ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಬಟನ್ ಒತ್ತುತ್ತಾರೆ, ಗಿಟಾರಿನವರು ಕೇಪೋ ಜರುಗಿಸುತ್ತಾರೆ. ಬೇಸ್ ನುಡಿಸುವವರಿಗೆ ಎರಡೂ ಬೇಡ. ಕೈ ಒಂದು ಫ್ರೆಟ್ (ನೆಕ್ ಮೇಲಿನ ಎರಡು ಕಂಬಿಗಳ ನಡುವಿನ ಮನೆ) ಹಿಂದಕ್ಕೆ ಸರಿದರೆ ಕೆಲಸ ಮುಗಿಯಿತು. ಷರತ್ತು ಒಂದೇ: ಓಪನ್ ತಂತಿಗಳನ್ನು (ಬೆರಳೊತ್ತದೆ ಮೀಟುವ ತಂತಿಗಳನ್ನು) ನೆಚ್ಚಿಕೊಳ್ಳದೆ, ಕಾರ್ಡಿನ (ಒಟ್ಟಿಗೆ ಕೇಳುವ ಸ್ವರಗುಂಪಿನ) ಸ್ವರಗಳೆಲ್ಲ ಬೆರಳುಗಳ ಕೆಳಗೇ ಸಿಗುವ ಆಕಾರಗಳು ಕೈಗೆ ಹತ್ತಿರಬೇಕು. ಕಾರ್ಡಿನ ಸ್ವರಗಳನ್ನು ಒಟ್ಟಿಗೆ ಮೀಟದೆ ಒಂದಾದ ಮೇಲೊಂದು ನುಡಿಸುವುದೇ ಆರ್ಪೆಜಿಯೊ. ಬೇಸ್ ನುಡಿಸುವವರ ದಿನನಿತ್ಯದ ಕೆಲಸದಲ್ಲಿ ಬಹುಪಾಲು ಇದೇ.

ಬೇಸ್‌ನಲ್ಲಿ ಇದು ಸುಲಭವಾಗಲು ಕಾರಣ ಶ್ರುತಿ ಮಾಡುವ ಕ್ರಮ. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಇ, ಎ, ಡಿ, ಜಿ. ಪ್ರತಿ ತಂತಿಯೂ ಅದಕ್ಕಿಂತ ದಪ್ಪನೆಯದಕ್ಕಿಂತ ಸರಿಯಾಗಿ ಐದು ಫ್ರೆಟ್ ಎತ್ತರ. ಆರು ತಂತಿಯ ಗಿಟಾರ್‌ನಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ನಾಲ್ಕೇ ಫ್ರೆಟ್ ಅಂತರವಿರುವುದರಿಂದ ಆಕಾರಗಳು ಅಲ್ಲಿಗೆ ಬಂದಾಗ ಮುರಿಯುತ್ತವೆ. ಬೇಸ್‌ನಲ್ಲಿ ಆ ತೊಡಕಿಲ್ಲ. ಇ ತಂತಿಯ ಮೇಲೆ ಕಲಿತ ಆಕಾರವನ್ನು ಹಾಗೇ ಎತ್ತಿ ಎ ತಂತಿಯ ಮೇಲಿಟ್ಟರೂ ಅದೇ ಕಾರ್ಡ್.

ಮುಂದೆ ಓದುವ ಮೊದಲು ಬರಹದ ಗುರುತು ತಿಳಿದಿರಲಿ. ತಂತಿಯ ಹೆಸರಿಗೆ ಫ್ರೆಟ್ ಸಂಖ್ಯೆ ಅಂಟಿಸಿ ಬರೆದಿದೆ: ಇ8 ಅಂದರೆ ಇ ತಂತಿಯ 8ನೇ ಫ್ರೆಟ್. "ಮುಂದಿನ ತಂತಿ" ಅಂದರೆ ಅದಕ್ಕಿಂತ ತೆಳುವಾದದ್ದು. "ಹಿಂದಿನ ಫ್ರೆಟ್" ಅಂದರೆ ಹೆಡ್‌ಸ್ಟಾಕ್ (ಶ್ರುತಿ ಬಿರಡೆಗಳಿರುವ ತುದಿ) ಕಡೆಗಿನದು. ಎಡಗೈ ಬೆರಳುಗಳು 1 ತೋರುಬೆರಳು, 2 ನಡುಬೆರಳು, 3 ಉಂಗುರಬೆರಳು, 4 ಕಿರುಬೆರಳು.

ಸ್ವರಗಳಿಗೆ ಸ-ಗ-ಪ ಎಂದೇ ಹೇಳೋಣ. ಕಾರ್ಡಿನ ಮೂಲ ಸ್ವರ ಸ. ಮೇಜರ್ ಕಾರ್ಡಿನ ಮೂರನೇ ಸ್ವರ ಅಂತರ ಗಾಂಧಾರ, ಅಂದರೆ ಗ3. ಮೈನರ್‌ನಲ್ಲಿ ಅದು ಸಾಧಾರಣ ಗಾಂಧಾರ, ಗ2. ಎರಡಕ್ಕೂ ಪಂಚಮ ಒಂದೇ. ಮೇಜರ್ ಸೆವೆಂತ್‌ನಲ್ಲಿ ಕಾಕಲಿ ನಿಷಾದ ನಿ3, ಸಾದಾ ಸೆವೆಂತ್ ಮತ್ತು ಮೈನರ್ ಸೆವೆಂತ್‌ನಲ್ಲಿ ಕೈಶಿಕಿ ನಿಷಾದ ನಿ2. ಇಲ್ಲಿ ಎಚ್ಚರ ಬೇಕು: ಈ ಸ ಹಾಡಿನ ಸ ಅಲ್ಲ. ಪ್ರತಿ ಕಾರ್ಡಿಗೂ ಅದರದೇ ಸ. ಗ್ರಹಭೇದದ (ಸ ಇರುವ ಜಾಗವನ್ನು ಬದಲಿಸಿ ನೋಡುವ ಕ್ರಮದ) ಪರಿಚಯ ಇರುವವರಿಗೆ ಇದು ಹೊಸತಲ್ಲ. ಉಳಿದವರು ಮೊದಮೊದಲು ಗೊಂದಲಪಡುವುದು ಇಲ್ಲೇ, ಸಿ ಮೇಜರ್ ಹಾಡಿನಲ್ಲಿ ಎ ಮೈನರ್ ಬಂದಾಗಲೂ "ಸಿ ತಾನೇ ಸ" ಅಂದುಕೊಂಡು.

ಎಲ್ಲಿಂದ ಶುರು ಮಾಡಬೇಕು

ಒಂದನೇ ಫ್ರೆಟ್‌ನಿಂದ ಶುರು ಮಾಡಬೇಡಿ. ಹೆಚ್ಚಿನ ಬೇಸ್‌ಗಳ ಸ್ಕೇಲ್ ಉದ್ದ, ಅಂದರೆ ತಂತಿಯ ಕಂಪಿಸುವ ಭಾಗದ ಉದ್ದ, 34 ಇಂಚು. ಆ ಉದ್ದದಲ್ಲಿ 1ನೇ ಫ್ರೆಟ್‌ನಿಂದ 4ನೇ ಫ್ರೆಟ್‌ಗೆ ಸುಮಾರು 130 ಮಿಲಿಮೀಟರ್. ಅದೇ ನಾಲ್ಕು ಬೆರಳಿನ ಚಾಚು 7ರಿಂದ 10ನೇ ಫ್ರೆಟ್‌ನಲ್ಲಿ ಸುಮಾರು 92 ಮಿಲಿಮೀಟರ್ ಮಾತ್ರ. ಕೆಳಗಡೆ ಕಲಿಯಲು ಹೊರಟವರ ಮಣಿಕಟ್ಟು ಬಾಗುತ್ತದೆ, ಕಿರುಬೆರಳು ಫ್ರೆಟ್‌ನಿಂದ ದೂರದಲ್ಲಿ ಒತ್ತಿ ತಂತಿ ಗರಗರ ಅನ್ನುತ್ತದೆ. ಆಮೇಲೆ "ನನ್ನ ಕೈ ಚಿಕ್ಕದು" ಎಂಬ ತೀರ್ಮಾನ. ಕೈ ಚಿಕ್ಕದಲ್ಲ, ಜಾಗ ತಪ್ಪು.

ಇ8, ಅಂದರೆ ಸಿ, ಇಲ್ಲಿಂದ ಶುರು ಮಾಡಿ. ಹೆಬ್ಬೆರಳು ನೆಕ್ ಹಿಂಬದಿಯ ಮಧ್ಯದಲ್ಲಿ, ಸುಮಾರಾಗಿ ನಡುಬೆರಳಿಗೆ ಎದುರಾಗಿ ಇರಲಿ. ಒತ್ತುವುದು ಫ್ರೆಟ್ ಕಂಬಿಯ ಹಿಂಬದಿಗೆ ತಾಗಿದಂತೆ. ಎರಡು ಕಂಬಿಗಳ ನಡುಮಧ್ಯ ಒತ್ತಿದರೆ ಹೆಚ್ಚು ಬಲ ಬೇಕು, ಕಂಬಿಯ ನೆತ್ತಿಯ ಮೇಲೇ ಒತ್ತಿದರೆ ಸದ್ದು ಮಂಕು.

ಇನ್ನೊಂದು ತಯಾರಿ. ಮೊಬೈಲ್‌ನಲ್ಲಿ ತಂಬೂರ ಆ್ಯಪ್ ಇದ್ದರೆ, ಅಥವಾ ಮನೆಯಲ್ಲಿ ಶ್ರುತಿಪೆಟ್ಟಿಗೆ ಇದ್ದರೆ, ಸಿ ಶ್ರುತಿಗೆ ಸ-ಪ ಇಟ್ಟುಕೊಳ್ಳಿ. ಬರೀ ಮೆಟ್ರೊನೋಮ್ ಜೊತೆ ಅಭ್ಯಾಸ ಮಾಡಿದರೆ ಬೆರಳು ಕಲಿಯುತ್ತದೆ, ಕಿವಿ ಕಲಿಯುವುದಿಲ್ಲ. ತಂಬೂರದ ಮೇಲೆ ನುಡಿಸಿದಾಗ ಗ2 ಮತ್ತು ಗ3 ಬಣ್ಣ ಬೇರೆಬೇರೆಯಾಗಿ ಕೇಳುತ್ತದೆ. ಸೂಕ್ಷ್ಮ ಕಿವಿಯವರಿಗೆ ಫ್ರೆಟ್ ಮೇಲಿನ ಗ3 ತುಸು ಏರಿದಂತೆ ಅನಿಸಬಹುದು. ಅದು ವಾದ್ಯದ ದೋಷವಲ್ಲ. ತಂಬೂರದಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಫ್ರೆಟ್‌ನ ಗಾಂಧಾರ ಸುಮಾರು 14 ಸೆಂಟ್ (ಒಂದು ಫ್ರೆಟ್‌ಗೆ 100 ಸೆಂಟ್) ಮೇಲಿದೆ. ಆದರೆ ಇ8 ಮತ್ತು ಡಿ10 ಒಂದಕ್ಕೊಂದು ಕೂಡದಿದ್ದರೆ ಅದು ನಿಜವಾದ ದೋಷ. 12ನೇ ಫ್ರೆಟ್ ಒತ್ತಿದ ಸ್ವರ ಮತ್ತು ಅದೇ ಜಾಗದ ಹಾರ್ಮೋನಿಕ್ (ಒತ್ತದೆ ಬರೀ ತಾಗಿಸಿ ಮೀಟಿದ ಸ್ವರ) ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಒತ್ತಿದ್ದು ಏರಿದ್ದರೆ ಬ್ರಿಜ್‌ನ ಸ್ಯಾಡಲ್ (ತಂತಿ ಕೂರುವ ತುಂಡು) ನೆಕ್‌ನಿಂದ ದೂರಕ್ಕೆ, ಇಳಿದಿದ್ದರೆ ನೆಕ್ ಕಡೆಗೆ ಸರಿಸಬೇಕು.

ಮೇಜರ್: ನಡುಬೆರಳಿನ ಆಕಾರ

ಸ – ಇ8, ಬೆರಳು 2
ಗ3 – ಎ7, ಬೆರಳು 1
ಪ – ಎ10, ಬೆರಳು 4
ಮೇಲಿನ ಸ – ಡಿ10, ಬೆರಳು 4

ಇದನ್ನು ಫ್ರೆಟ್ ಸಂಖ್ಯೆಗಳಾಗಿ ನೆನಪಿಟ್ಟುಕೊಂಡರೆ ಎಂಟನೇ ಫ್ರೆಟ್‌ಗೇ ಅಂಟಿಕೊಂಡು ಕೂರುತ್ತದೆ. ನೆನಪಿಡಬೇಕಾದದ್ದು ಹೀಗೆ: ಸ ನಡುಬೆರಳಲ್ಲಿ, ಗ ಮುಂದಿನ ತಂತಿಯಲ್ಲಿ ಒಂದು ಫ್ರೆಟ್ ಹಿಂದೆ, ಪ ಅದೇ ತಂತಿಯಲ್ಲಿ ಸ-ಗಿಂತ ಎರಡು ಫ್ರೆಟ್ ಮುಂದೆ, ಮೇಲಿನ ಸ ಪಂಚಮದ ಪಕ್ಕದ ತಂತಿಯಲ್ಲಿ ಅದೇ ಫ್ರೆಟ್. ನುಡಿಸುವಾಗ ಬಾಯಲ್ಲಿ ಸ, ಗ, ಪ, ಸ ಎನ್ನುತ್ತಲೇ ಇರಬೇಕು. ಸ್ವರದ ಹೆಸರು ಹೇಳದೆ ಬರೀ ಬೆರಳಿನ ನಡೆಯನ್ನು ಕಲಿತವರಿಗೆ ಮಧ್ಯದಿಂದ ಶುರು ಮಾಡಿ ಅಂದರೆ ಕೈ ನಿಂತುಹೋಗುತ್ತದೆ.

ಈ ಆಕಾರದಲ್ಲಿ ಕಷ್ಟದ ಜಾಗ ಒಂದೇ: ಪ ಮತ್ತು ಮೇಲಿನ ಸ ಎರಡೂ ಕಿರುಬೆರಳಿಗೆ, ಒಂದೇ ಫ್ರೆಟ್‌ನಲ್ಲಿ, ಪಕ್ಕಪಕ್ಕದ ತಂತಿಗಳಲ್ಲಿ. ಬೆರಳೆತ್ತಿ ಹಾರಿಸಿದರೆ ನಡುವೆ ಸದ್ದು ಕಡಿಯುತ್ತದೆ. ಎರಡೂ ತಂತಿಗಳನ್ನು ಒಟ್ಟಿಗೆ ಅದುಮಿಟ್ಟರೆ ಪಂಚಮ ನಿಲ್ಲದೆ ಮೇಲಿನ ಸ ಜೊತೆ ಕಲಸುತ್ತದೆ. ಮಾಡಬೇಕಾದದ್ದು ಬೆರಳನ್ನು ಉರುಳಿಸುವುದು. ಪ ನುಡಿಸುವಾಗ ಬೆರಳ ತುದಿ ಎ ತಂತಿಯ ಮೇಲೆ, ಬೆರಳು ತುಸು ಬಾಗಿ. ಸ ಬರುವ ಹೊತ್ತಿಗೆ ತುದಿಯ ಗೆಣ್ಣನ್ನು ಚಪ್ಪಟೆ ಮಾಡಿ, ಬೆರಳಿನ ಮೆತ್ತನೆಯ ಭಾಗ ಡಿ ತಂತಿಯನ್ನು ಒತ್ತುವಂತೆ ಮಾಡಿ. ಆಗ ತುದಿ ಎ ತಂತಿಯಿಂದ ಹಗುರಾಗುತ್ತದೆ, ಆದರೆ ಪೂರ್ತಿ ಬಿಡುವುದಿಲ್ಲ. ಆ ಹಗುರ ಸ್ಪರ್ಶವೇ ಪಂಚಮವನ್ನು ನಿಲ್ಲಿಸುತ್ತದೆ. ಪರೀಕ್ಷೆ ಸುಲಭ: ಮೇಲಿನ ಸ ಹಿಡಿದಿರುವಾಗ ಬಲಗೈಯಿಂದ ಎ ತಂತಿಯನ್ನು ಮೀಟಿ. "ಟಪ್" ಅನ್ನಬೇಕು. ಸ್ವರ ಬಂದರೆ ಇನ್ನೂ ಒತ್ತಿದ್ದೀರಿ. ಕಿರುಬೆರಳಿನ ಗೆಣ್ಣು ಹಿಂದಕ್ಕೆ ಬಾಗದವರು ಪ-ಗೆ 3, ಸ-ಗೆ 4 ಇಡಬಹುದು. 7ನೇ ಫ್ರೆಟ್‌ನಿಂದಾಚೆಗೆ ಎರಡೂ ಬೆರಳು ಒಂದೇ ಫ್ರೆಟ್‌ನಲ್ಲಿ ಹಿಡಿಸುತ್ತವೆ.

ಬಲಗೈಯಲ್ಲಿ ತೋರುಬೆರಳು, ನಡುಬೆರಳು ಸರದಿಯಂತೆ: ಏರುವಾಗ ಸ ತೋರು, ಗ ನಡು, ಪ ತೋರು, ಸ ನಡು. ಮೀಟಿದ ಬೆರಳು ಗಾಳಿಯಲ್ಲಿ ನಿಲ್ಲದೆ ಪಕ್ಕದ ದಪ್ಪ ತಂತಿಗೆ ಹೋಗಿ ತಾಗಿ ನಿಲ್ಲಲಿ. ಡಿ ಮೀಟಿದ ಬೆರಳು ಎ ತಂತಿಯ ಮೇಲೆ ನಿಂತರೆ ಎ ಮೌನ. ಇ ತಂತಿಯ ಮೇಲೆ ಹೆಬ್ಬೆರಳು ಇದ್ದರೆ ಇ ಮೌನ. ಜಿ ತಂತಿಗೆ ಹೋದಾಗ ಹೆಬ್ಬೆರಳು ಪಿಕಪ್ ಮೇಲೇ ಕೂತಿದ್ದರೆ ಇ ಮತ್ತು ಎ ಎರಡೂ ತೆರೆದಿರುತ್ತವೆ, ಆಂಪ್‌ನಲ್ಲಿ ಗುಂಯ್ ಎಂಬ ಹಿನ್ನೆಲೆ ಏಳುತ್ತದೆ. ಹೆಬ್ಬೆರಳನ್ನೂ ಎ ತಂತಿಯವರೆಗೆ ಇಳಿಸಿ, ಅದರ ಬದಿ ಇ ತಂತಿಗೆ ತಾಗಿರಲಿ. ಇಳಿಯುವಾಗ ಮಾತ್ರ ಸರದಿ ಬಿಡಬಹುದು: ಡಿ ತಂತಿಯಲ್ಲಿ ಮೇಲಿನ ಸ ಮೀಟಿದ ಬೆರಳು ಹೇಗೂ ಎ ತಂತಿಗೆ ಬಂದು ನಿಂತಿದೆ, ಅದರಿಂದಲೇ ಪ ಮೀಟಿ. ಬಲವಂತವಾಗಿ ಬೆರಳು ಬದಲಿಸಲು ಹೋದವರ ಇಳಿಕೆ ಯಾವಾಗಲೂ ಏರಿಕೆಗಿಂತ ನಿಧಾನ.

ಮೆಟ್ರೊನೋಮ್ 60ಕ್ಕೆ ಇಟ್ಟು ಒಂದು ಟಿಕ್‌ಗೆ ಒಂದು ಸ್ವರ. ಪ್ರತಿ ಸ್ವರವೂ ಮುಂದಿನ ಟಿಕ್ ತನಕ ನಿಂತು, ಮುಂದಿನದು ಬಂದ ಕೂಡಲೇ ಮುಗಿಯಬೇಕು. ಅಷ್ಟು ಸ್ವಚ್ಛವಾದ ಮೇಲೆ ಟಿಕ್‌ಗೆ ಎರಡು. ವೇಗಕ್ಕೆ ಅವಸರ ಬೇಡ, ನಿಧಾನದಲ್ಲಿ ಕಲಸಿದ್ದು ಜೋರಿನಲ್ಲಿ ತಿಳಿಯಾಗುವುದಿಲ್ಲ.

ಮೈನರ್: ತೋರುಬೆರಳಿನ ಆಕಾರ

ಸ – ಇ8, ಬೆರಳು 1
ಗ2 – ಇ11, ಬೆರಳು 4
ಪ – ಎ10, ಬೆರಳು 3
ಮೇಲಿನ ಸ – ಡಿ10, ಬೆರಳು 3

ಮೇಜರ್‌ನಲ್ಲಿ ಗ ಮುಂದಿನ ತಂತಿಗೆ ಹೋಗಿತ್ತು. ಇಲ್ಲಿ ಅದೇ ತಂತಿಯಲ್ಲಿ ಮೂರು ಫ್ರೆಟ್ ಮುಂದೆ. ಹಾಗಾಗಿ ಕೈಯ ನಿಲುವೇ ಬದಲು: ಮೇಜರ್‌ಗೆ ಕೈ ಸ-ಯ ಹಿಂದೆ-ಮುಂದೆ ಹರಡಿರುತ್ತದೆ, ಮೈನರ್‌ಗೆ ಪೂರ್ತಿ ಮುಂದೆ. ಹಾಡಿನಲ್ಲಿ ಕಾರ್ಡ್ ಬರುವ ಮೊದಲೇ "ನಡುಬೆರಳೋ ತೋರುಬೆರಳೋ" ಎಂಬುದು ನಿರ್ಧಾರವಾಗಿರಬೇಕು. ಮೈನರ್ ಕಾರ್ಡಿಗೆ ಅಭ್ಯಾಸಬಲದಿಂದ ನಡುಬೆರಳು ಇಟ್ಟರೆ ಗಾಂಧಾರಕ್ಕೆ ಕಿರುಬೆರಳು ಒಂದು ಫ್ರೆಟ್ ಕಡಿಮೆ ಬೀಳುತ್ತದೆ, ಕೇಳುವುದು ಚತುಶ್ರುತಿ ರಿಷಭ. ಕೇಳುವವರಿಗೆ ತಪ್ಪು ಎಂದು ಗೊತ್ತಾಗದಿರಬಹುದು, ಕಾರ್ಡಿಗೆ ಮೈನರ್‌ನ ಬಣ್ಣ ಮಾತ್ರ ಬರುವುದಿಲ್ಲ.

ನಿಷಾದ ಸೇರಿಸುವುದು

ಮೇಲಿನ ಎರಡು ಆಕಾರ ಕೂತಮೇಲೆ ಸೆವೆಂತ್ ಕಾರ್ಡ್‌ಗಳಿಗೆ ಹೊಸ ಶ್ರಮ ಇಲ್ಲ. ಮೇಲಿನ ಸ ಇರುವ ತಂತಿಯಲ್ಲೇ ಒಂದು ಫ್ರೆಟ್ ಹಿಂದೆ ನಿ3, ಎರಡು ಫ್ರೆಟ್ ಹಿಂದೆ ನಿ2.

ಸಿ ಮೇಜರ್ ಸೆವೆಂತ್: ಇ8 ಎ7 ಎ10 ಡಿ9 ಡಿ10, ಬೆರಳು 2 1 4 3 4
ಸಿ ಸೆವೆಂತ್: ಇ8 ಎ7 ಎ10 ಡಿ8 ಡಿ10, ಬೆರಳು 2 1 4 2 4
ಸಿ ಮೈನರ್ ಸೆವೆಂತ್: ಇ8 ಇ11 ಎ10 ಡಿ8 ಡಿ10, ಬೆರಳು 1 4 3 1 3
ಸಿ ಮೈನರ್ ಸೆವೆಂತ್ ಫ್ಲ್ಯಾಟ್ ಫೈವ್: ಇ8 ಇ11 ಎ9 ಡಿ8 ಡಿ10, ಬೆರಳು 1 4 2 1 3

ಕೊನೆಯದರಲ್ಲಿ ಪಂಚಮವೇ ಇಲ್ಲ, ಅದರ ಜಾಗದಲ್ಲಿ ಪ್ರತಿಮಧ್ಯಮದ ಸ್ಥಾನ. ಇದನ್ನು ಅಭ್ಯಾಸ ಮಾಡುವಾಗ ತಂಬೂರದ ಪ ನಿಲ್ಲಿಸಿ ಬರೀ ಸ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎರಡೂ ಕಚ್ಚಾಡುತ್ತವೆ. ಉರುಳಿಸುವ ಕಷ್ಟ ಸೆವೆಂತ್ ಆಕಾರಗಳಲ್ಲಿ ಇಲ್ಲ ಎಂಬುದು ಒಂದು ಸಮಾಧಾನ: ಪ ಮತ್ತು ಸ ನಡುವೆ ನಿ ಬರುವುದರಿಂದ ಬೆರಳಿಗೆ ಪುರುಸೊತ್ತು ಸಿಗುತ್ತದೆ.

ಕಿರುಬೆರಳಿನ ಆಕಾರ

ಹೆಚ್ಚಿನವರು ಮೇಲಿನ ಎರಡಕ್ಕೇ ನಿಲ್ಲುತ್ತಾರೆ. ಹಾಗಾಗಿ ಅವರ ಕೈ ಪ್ರತಿ ಕಾರ್ಡಿಗೂ ನೆಕ್ ಉದ್ದಕ್ಕೂ ಓಡುತ್ತಿರುತ್ತದೆ. ಓಟ ನಿಲ್ಲಿಸುವುದು ಮೂರನೇ ಆಕಾರ. ಇದರಲ್ಲಿ ಸ ಕಿರುಬೆರಳಲ್ಲಿ ಶುರುವಾಗಿ ಆಕಾರ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ.

ಮೇಜರ್: ಇ8 ಎ7 ಡಿ5 ಜಿ5, ಬೆರಳು 4 3 1 1
ಮೈನರ್: ಇ8 ಎ6 ಡಿ5 ಜಿ5, ಬೆರಳು 4 2 1 1

ಒಂದು ತಂತಿಗೆ ಒಂದೇ ಸ್ವರ, ನಾಲ್ಕು ತಂತಿಗೆ ಸ-ಗ-ಪ-ಸ. ಮೇಜರ್ ಮೈನರ್ ನಡುವೆ ಬದಲಾಗುವುದು ಒಂದೇ ಬೆರಳು. ಕೊನೆಯ ಎರಡಕ್ಕೆ ತೋರುಬೆರಳನ್ನು ಉರುಳಿಸಬೇಕು, ಕಿರುಬೆರಳಿಗಿಂತ ಇದು ಸುಲಭ. ಬಲಗೈಗೆ ಮಾತ್ರ ಇದು ಕಠಿಣ, ಪ್ರತಿ ಸ್ವರಕ್ಕೂ ತಂತಿ ದಾಟಬೇಕು. ಹೆಬ್ಬೆರಳು ಜೊತೆಜೊತೆಗೆ ಸರಿಯದಿದ್ದರೆ ಹಿಂದಿನ ಸ್ವರಗಳೆಲ್ಲ ಮೊಳಗುತ್ತಲೇ ಇರುತ್ತವೆ, ಆರ್ಪೆಜಿಯೊ ಹೋಗಿ ಕಾರ್ಡ್ ಆಗುತ್ತದೆ.

ಮೂರೂ ಆಕಾರ ಎ ತಂತಿಯಿಂದಲೂ ನಡೆಯುತ್ತವೆ, ಒಂದು ಮಿತಿ ಬಿಟ್ಟು: ಕಿರುಬೆರಳಿನ ಆಕಾರದ ಮೇಲಿನ ಸ-ಗೆ ಎ ತಂತಿಯಿಂದ ಹೊರಟಾಗ ತಂತಿ ಉಳಿದಿರುವುದಿಲ್ಲ, ಸ-ಗ-ಪಗೆ ನಿಲ್ಲುತ್ತದೆ. ಡಿ ತಂತಿಯಿಂದ ಹೊರಟರೆ ಮೊದಲೆರಡು ಆಕಾರಗಳೂ ಪಂಚಮಕ್ಕೇ ನಿಲ್ಲುತ್ತವೆ. ಅಂಥ ಕಡೆ ಮೇಲೆ ಹೋಗುವ ಬದಲು ಕೆಳಗೆ ಇಳಿಯಿರಿ: ಸ ಎಲ್ಲಿದೆಯೋ ಅದೇ ಫ್ರೆಟ್‌ನಲ್ಲಿ ಹಿಂದಿನ ದಪ್ಪ ತಂತಿ ಮಂದ್ರ ಪಂಚಮ. ಬೇಸ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಪಂಚಮ ಇದೇ.

ದಾಟು ವರಸೆಯ ಹಾಗೆ

ಯಾವಾಗಲೂ ಸ-ಯಿಂದಲೇ ಏರುತ್ತಿದ್ದರೆ ಆಕಾರ ಒಂದೇ ದಾರಿಯಾಗಿ ಉಳಿಯುತ್ತದೆ. ಸರಳೆ ವರಸೆ ಆದ ಮೇಲೆ ದಾಟು ವರಸೆ ಯಾಕೆ ಹೇಳಿಸುತ್ತಾರೋ ಅದೇ ಕಾರಣಕ್ಕೆ ಇಲ್ಲೂ ಸ್ವರ ದಾಟಿಸಿ:

ಸಗಪ: ಇ8 ಎ7 ಎ10
ಗಪಸ: ಎ7 ಎ10 ಡಿ10
ಪಸಗ: ಎ10 ಡಿ10 ಜಿ9
ಸಗಪ: ಡಿ10 ಜಿ9 ಜಿ12

ಕೊನೆಯ ಸಾಲಿಗೆ ಕೈಯನ್ನು ಎರಡು ಫ್ರೆಟ್ ಮುಂದಕ್ಕೆ ಜರುಗಿಸಿ. ಡಿ10ಕ್ಕೆ ನಡುಬೆರಳು ಬಂದರೆ ಮೊದಲಿನ ಆಕಾರವೇ ಮತ್ತೆ ಸಿಕ್ಕಿತು, ಎರಡು ತಂತಿ ದಾಟಿ ಎರಡು ಫ್ರೆಟ್ ಮುಂದೆ. ತಿಶ್ರ ನಡೆಯಲ್ಲಿ, ಒಂದು ಎಣಿಕೆಗೆ ಮೂರರಂತೆ, ಇದು ನಾಲ್ಕು ಎಣಿಕೆಗೆ ಮುಗಿಯುತ್ತದೆ. ಅದೇ ಸಾಲನ್ನು ಚತುರಶ್ರದಲ್ಲಿ ಎಣಿಕೆಗೆ ನಾಲ್ಕರಂತೆ ನುಡಿಸಿ ನೋಡಿ: ಮೂರರ ಗುಂಪು ಎಣಿಕೆಯ ಮೇಲೆ ಜಾರುತ್ತಾ ಹೋಗಿ ಮೂರು ಎಣಿಕೆಗೆ ಕೂಡುತ್ತದೆ. ಬೆರಳಿಗಿಂತ ತಲೆಗೆ ಹೆಚ್ಚು ಕೆಲಸ ಕೊಡುವ ಪಾಠ ಇದು.

ಗಾಂಧಾರ ಅಥವಾ ಪಂಚಮ ತಳದಲ್ಲಿರುವ ಈ ತುಣುಕುಗಳಿಗೂ ಸರಿಸಬಹುದಾದ ಆಕಾರಗಳಿವೆ. ಮೇಜರ್‌ನಲ್ಲಿ ಗ ಕೆಳಗಿದ್ದರೆ ಪ ಮತ್ತು ಸ ಮುಂದಿನ ಎರಡು ತಂತಿಗಳಲ್ಲಿ, ಎರಡೂ ಎರಡು ಫ್ರೆಟ್ ಹಿಂದೆ. ಪ ಕೆಳಗಿದ್ದರೆ ಸ ಮುಂದಿನ ತಂತಿಯಲ್ಲಿ ಅದೇ ಫ್ರೆಟ್, ಗ ಅದರ ಮುಂದಿನದರಲ್ಲಿ ಒಂದು ಹಿಂದೆ. ಮೈನರ್‌ನಲ್ಲಿ ಗ2 ಕೆಳಗಿದ್ದರೆ ಉಳಿದೆರಡು ಒಂದೊಂದು ಫ್ರೆಟ್ ಹಿಂದೆ; ಪ ಕೆಳಗಿದ್ದರೆ ಸ ಅದೇ ಫ್ರೆಟ್, ಗ2 ಎರಡು ಹಿಂದೆ.

ಕೈ ಕದಲಿಸದೆ ನಾಲ್ಕು ಕಾರ್ಡ್

ಆಕಾರಗಳು ನಿಜವಾಗಿ ಕೂತಿವೆಯೇ ಎಂದು ತೋರಿಸುವುದು ಇದು. ತೋರುಬೆರಳು 5ನೇ ಫ್ರೆಟ್‌ನಲ್ಲಿ, ಕಿರುಬೆರಳು 8ರಲ್ಲಿ. ಆ ನಾಲ್ಕು ಫ್ರೆಟ್ ಬಿಟ್ಟು ಹೊರಗೆ ಹೋಗಬಾರದು. ಕಾರ್ಡ್‌ಗಳು ಸಿ, ಎ ಮೈನರ್, ಎಫ್, ಜಿ.

ಸಿ: ಇ8 ಎ7 ಡಿ5 ಜಿ5
ಎ ಮೈನರ್: ಇ5 ಇ8 ಎ7 ಡಿ7
ಎಫ್: ಎ8 ಡಿ7 ಜಿ5
ಜಿ: ಇ7 ಎ5 ಡಿ5

ಸಿ ಮತ್ತು ಎಫ್ ಕಿರುಬೆರಳಿನ ಆಕಾರ, ಎ ಮೈನರ್ ತೋರುಬೆರಳಿನದು, ಜಿ ಗಾಂಧಾರ ಕೆಳಗಿರುವ ಆಕಾರ. ಮೊದಲು ಎಲ್ಲವನ್ನೂ ಏರಿಸಿ ನುಡಿಸಿ. ಆಮೇಲೆ ಒಂದು ಕಾರ್ಡ್ ಏರಿಕೆ, ಮುಂದಿನದು ಇಳಿಕೆ. ಎಫ್ ಮತ್ತು ಜಿ ಮೂರೇ ಸ್ವರದವು, ನಾಲ್ಕನೇ ಎಣಿಕೆಗೆ ಯಾವುದನ್ನು ಮರುಕಳಿಸಬೇಕು ಎಂಬುದನ್ನು ಕಿವಿಗೇ ಬಿಡಿ. ಇಲ್ಲಿ ಎಲ್ಲವೂ ಸರಾಗವಾದ ಮೇಲೆ ಇಡೀ ಕೈಯನ್ನು ಎರಡು ಫ್ರೆಟ್ ಮುಂದೆ ಇಡಿ: ಅದೇ ಬೆರಳು, ಅದೇ ತಂತಿ, ಹಾಡು ಈಗ ಡಿ ಮೇಜರ್.

ಹನ್ನೆರಡು ಶ್ರುತಿಗೂ ಒಂದೊಂದು ಆಕಾರ ಒಯ್ಯಲು ಫ್ರೆಟ್ ಫ್ರೆಟ್ ಏರುವುದಕ್ಕಿಂತ ನಾಲ್ಕನೇ ಸ್ವರದ ಸುತ್ತು, ಅಂದರೆ ಪ್ರತಿ ಸಲ ಸ-ಯಿಂದ ಅದರ ಶುದ್ಧ ಮಧ್ಯಮಕ್ಕೆ ಹೋಗುವುದು, ಒಳ್ಳೆಯದು. ಏಕೆಂದರೆ ಹಾಡುಗಳಲ್ಲಿ ಕಾರ್ಡ್‌ಗಳು ಹೆಚ್ಚಾಗಿ ಹಾಗೇ ಚಲಿಸುತ್ತವೆ. ಮೂಲ ಸ್ವರಗಳ ದಾರಿ ಹೀಗೆ: ಇ8 ಸಿ, ಎ8 ಎಫ್, ಇ6 ಬಿ ಫ್ಲ್ಯಾಟ್, ಎ6 ಇ ಫ್ಲ್ಯಾಟ್, ಇ4 ಎ ಫ್ಲ್ಯಾಟ್, ಎ4 ಡಿ ಫ್ಲ್ಯಾಟ್, ಇ2 ಜಿ ಫ್ಲ್ಯಾಟ್, ಎ2 ಬಿ. ಅಲ್ಲಿಂದ ಇ12ಕ್ಕೆ ಒಂದು ದೊಡ್ಡ ಹಾರಿಕೆ, ಅದು ಇ. ಎ12 ಎ, ಇ10 ಡಿ, ಎ10 ಜಿ, ಮತ್ತೆ ಇ8. ನಿಯಮ ಒಂದೇ ಸಾಲಿನದು: ಅದೇ ಫ್ರೆಟ್‌ನಲ್ಲಿ ಮುಂದಿನ ತಂತಿ, ಆಮೇಲೆ ಎರಡು ಫ್ರೆಟ್ ಹಿಂದೆ ದಪ್ಪ ತಂತಿ. ಪ್ರತಿ ನಿಲ್ದಾಣದಲ್ಲೂ ಮೂಲ ಸ್ವರದ ಹೆಸರನ್ನು ಜೋರಾಗಿ ಹೇಳಿ. ಆಕಾರ ಗೊತ್ತಿದ್ದೂ ಎ6 ಯಾವ ಸ್ವರ ಎಂದು ಗೊತ್ತಿಲ್ಲದಿದ್ದರೆ ಕಾರ್ಡ್ ಹಾಳೆ ಮುಂದಿಟ್ಟಾಗ ಪ್ರಯೋಜನವಿಲ್ಲ.

ಕೆಳಗಿನ ಫ್ರೆಟ್‌ಗಳಲ್ಲಿ

ಐದನೇ ಫ್ರೆಟ್‌ಗಿಂತ ಕೆಳಗೆ ಬೆರಳಿಗೊಂದು ಫ್ರೆಟ್ ಎಂಬ ಹಟ ಬೇಡ. ಡಬಲ್ ಬೇಸ್ ನುಡಿಸುವವರಂತೆ 1, 2, 4 ಬೆರಳುಗಳಿಂದ ಮೂರು ಫ್ರೆಟ್ ಹಿಡಿದು, ಉಂಗುರಬೆರಳು ಕಿರುಬೆರಳಿಗೆ ಆಸರೆಯಾಗಿ ನಿಲ್ಲಲಿ. ನಾಲ್ಕನೇ ಫ್ರೆಟ್ ಬೇಕಾದಾಗ ಹೆಬ್ಬೆರಳನ್ನು ತಿರುಗಣಿ ಮಾಡಿ ಇಡೀ ಕೈ ಜರುಗಲಿ. ಇ3ರಲ್ಲಿ ಜಿ ಮೇಜರ್ ನುಡಿಸುವಾಗ ಎ2ರಿಂದ ಎ5ಕ್ಕೆ ಬೆರಳು ಚಾಚಿ ನೋಯಿಸಿಕೊಳ್ಳುವುದಕ್ಕಿಂತ ಜರುಗುವುದು ವಾಸಿ. ಮುಂಗೈ ಅಥವಾ ಮಣಿಕಟ್ಟಿನಲ್ಲಿ ನೋವು ಬಂದರೆ ಆ ದಿನಕ್ಕೆ ನಿಲ್ಲಿಸಿ. ಮಾರನೇ ದಿನ ಸ್ಟ್ರ್ಯಾಪ್ ಗಿಡ್ಡ ಮಾಡಿ ನೋಡಿ. ವಾದ್ಯ ಮೊಣಕಾಲ ಬಳಿ ತೂಗಿದಷ್ಟೂ ಮಣಿಕಟ್ಟು ಬಾಗುತ್ತದೆ.

ಓಪನ್ ಇ ಮೇಜರ್‌ಗೆ ನಡುಬೆರಳಿನ ಆಕಾರ ಸಾಧ್ಯವೇ ಇಲ್ಲ, ಗ-ಗೆ ಒಂದು ಫ್ರೆಟ್ ಹಿಂದೆ ಹೋಗಲು ಜಾಗವಿಲ್ಲ. ಅಲ್ಲಿ ಓಪನ್ ಇ, ಇ4, ಎ2, ಡಿ2. ಎಫ್ ಮೇಜರ್‌ಗೆ ಇ1, ಓಪನ್ ಎ, ಎ3, ಡಿ3. ಇವು ಸರಿಸಲಾಗದ ಅಪವಾದಗಳು. ಓಪನ್ ತಂತಿಯನ್ನು ನಿಲ್ಲಿಸುವುದು ಪೂರ್ತಿ ಕೈಗಳ ಜವಾಬ್ದಾರಿ, ಬೆರಳೆತ್ತಿದರೆ ಅದು ನಿಲ್ಲುವುದಿಲ್ಲ.

ಇನ್ನೊಂದು ವಿಚಾರ ಸದ್ದಿನದು. ಇಷ್ಟು ಕೆಳಗೆ ಸ ಮತ್ತು ಗ ಹತ್ತಿರ ಹತ್ತಿರ ನುಡಿಸಿದರೆ ಮಬ್ಬಾಗುತ್ತದೆ. ಇ1ರ ಎಫ್ ಸುಮಾರು 44 ಹರ್ಟ್ಸ್, ಓಪನ್ ಎ 55 ಹರ್ಟ್ಸ್. ಚಿಕ್ಕ ಸ್ಪೀಕರ್‌ಗಳಲ್ಲಿ ಎರಡೂ ಒಂದೇ ಗುಡುಗು. ಗಾಂಧಾರವನ್ನು ಒಂದು ಸ್ಥಾಯಿ ಮೇಲೆ ಎತ್ತಿ: ಇ ತಂತಿಯ ಸ-ಗೆ ಜಿ ತಂತಿಯಲ್ಲಿ ಒಂದು ಫ್ರೆಟ್ ಮುಂದೆ ಗ3, ಅದೇ ಫ್ರೆಟ್‌ನಲ್ಲಿ ಗ2. ಇ3 ಮತ್ತು ಜಿ4 ಒಟ್ಟಿಗೆ, ಹೆಬ್ಬೆರಳಿಂದ ದಪ್ಪ ತಂತಿ, ತೋರುಬೆರಳಿಂದ ತೆಳು ತಂತಿ ಮೀಟಿ ಕೇಳಿ: ಜಿ ಮೇಜರ್ ಎಂಬುದು ಎರಡೇ ಸ್ವರದಲ್ಲಿ ಸ್ಪಷ್ಟ. ಬರೀ ಗಾಯನ, ಗಿಟಾರ್, ಬೇಸ್ ಇರುವ ಚಿಕ್ಕ ಕಾರ್ಯಕ್ರಮಗಳಲ್ಲಿ ಇದು ಬಹಳ ಕೆಲಸಕ್ಕೆ ಬರುತ್ತದೆ.

ಹಾಡಿಗೆ ಹಚ್ಚುವಾಗ

ಆಕಾರ ಕಲಿತ ಹುರುಪಿನಲ್ಲಿ ಪ್ರತಿ ಕಾರ್ಡಿಗೂ ಸ-ಗ-ಪ-ಸ ಸುರಿದರೆ ಹಾಡುವವರಿಗೆ ಜಾಗ ಇರುವುದಿಲ್ಲ. ಮೊದಲ ಎಣಿಕೆಗೆ ಸ, ಮೂರನೆಯದಕ್ಕೆ ಪ. ಗಾಂಧಾರ ಬೇಕೆನಿಸಿದಲ್ಲಿ ಮಾತ್ರ. ಸಾಹಿತ್ಯ ನಿಂತು ಉಸಿರಾಡುವ ಜಾಗ, ಚರಣದಿಂದ ಪಲ್ಲವಿಗೆ ಮರಳುವ ಜಾಗ, ಇವು ಪೂರ್ತಿ ಆರ್ಪೆಜಿಯೊಗೆ ಸರಿ. ಭಾವಗೀತೆಗಳಲ್ಲಿ ಆಗಾಗ ಸಿಗುವ ಆರು ಮಾತ್ರೆಯ ನಡೆಗೆ ಸ-ಗ-ಪ, ಸ-ಪ-ಗ ಎಂಬ ಎರಡು ಮೂರರ ಗುಂಪು ತಾನಾಗಿ ಹೊಂದುತ್ತದೆ, ಆದರೆ ಅದನ್ನೇ ಇಡೀ ಹಾಡಿಗೆ ತಿರುಗಿಸಬೇಡಿ.

ಮುಂದಿನ ಕಾರ್ಡಿಗೆ ಹೋಗಲು ಅದರ ಸ-ಗಿಂತ ಒಂದು ಫ್ರೆಟ್ ಹಿಂದಿನ ಸ್ವರವನ್ನು ಕೊನೆಯ ಎಣಿಕೆಗೆ ಇಡಬಹುದು. ಸಿಯಿಂದ ಎ ಮೈನರ್‌ಗೆ: ಇ8, ಎ7, ಡಿ5, ಇ4, ಮುಂದಿನ ಮೊದಲ ಎಣಿಕೆಗೆ ಇ5. ಆ ಇ4 ಕಾರ್ಡಿನ ಸ್ವರ ಅಲ್ಲ, ಹಾಗಾಗಿ ಕಾಲು ಎಣಿಕೆ ಮೊದಲೇ ಬಂದರೂ ತಪ್ಪೆಂದೇ ಕೇಳುತ್ತದೆ.

ಇನ್ನೂ ನಯವಾದ ದಾರಿ ಹತ್ತಿರದ ಸ್ವರಕ್ಕೆ ಜಾರುವುದು. ಡಿ ಮೈನರ್ ಸೆವೆಂತ್, ಜಿ ಸೆವೆಂತ್, ಸಿ ಮೇಜರ್ ಸೆವೆಂತ್ ತೆಗೆದುಕೊಳ್ಳಿ. ಪ್ರತಿ ಬಾರಿ ಮೂಲ ಸ್ವರಕ್ಕೆ ಓಡಬೇಡಿ:

ಎ5 ಎ8 ಡಿ7 ಜಿ5 | ಜಿ4 ಡಿ5 ಎ5 ಡಿ3 | ಡಿ2 ಡಿ5 ಜಿ4 ಜಿ5

ಮೊದಲ ಗೆರೆ ದಾಟುವಾಗ ಜಿ5ರಿಂದ ಜಿ4ಕ್ಕೆ: ಡಿ ಮೈನರ್‌ನ ನಿ2 ಅರ್ಧ ಇಳಿದು ಜಿ ಸೆವೆಂತ್‌ನ ಗ3 ಆಯಿತು. ಎರಡನೇ ಗೆರೆಯಲ್ಲಿ ಡಿ3ರಿಂದ ಡಿ2ಕ್ಕೆ, ಮತ್ತೆ ಅದೇ ನಿ2 ಇಂದ ಗ3. ಗಿಟಾರಿನವರು ಸುಮ್ಮನಿದ್ದರೂ ಕಾರ್ಡ್ ಬದಲಾದದ್ದು ಕೇಳುವವರಿಗೆ ಗೊತ್ತಾಗುತ್ತದೆ. ಮೊದಲ ಎಣಿಕೆಗೆ ಮೂಲ ಸ್ವರ ಬಿಡುವ ಈ ಬಗೆಯನ್ನು ಕೀಬೋರ್ಡಿನ ಎಡಗೈ ಅದೇ ಮೂಲ ಸ್ವರ ಹಿಡಿದಿರುವಾಗ ಪ್ರಯತ್ನಿಸಿ. ಕೀಬೋರ್ಡ್ ಇಲ್ಲದ ತಂಡದಲ್ಲಿ ಹೀಗೆ ಮಾಡಿದರೆ ತಳ ಕಳಚಿದಂತಾಗಿ ಹಾಡುವವರ ಶ್ರುತಿ ಅಲುಗಾಡಬಹುದು. ಅಲ್ಲಿ ಮೊದಲ ಎಣಿಕೆಗೆ ಸ ಇಟ್ಟು ಈ ಜಾರಿಕೆಯನ್ನು ಎರಡನೆಯದಕ್ಕೆ ತನ್ನಿ.

ಐದು ತಂತಿಯ ಬೇಸ್ ಇದ್ದವರು ಏನೂ ಹೊಸದಾಗಿ ಕಲಿಯಬೇಕಿಲ್ಲ. ಇ-ಗಿಂತ ದಪ್ಪನೆಯ ಬಿ ತಂತಿಯೂ ಅದೇ ಐದು ಫ್ರೆಟ್ ಅಂತರದಲ್ಲಿದೆ, ಎಲ್ಲ ಆಕಾರಗಳೂ ಅಲ್ಲಿಂದ ಹಾಗೇ ಹೊರಡುತ್ತವೆ. ಬಿ8ರಲ್ಲಿ ನಡುಬೆರಳಿಟ್ಟರೆ ಜಿ ಮೇಜರ್. ಒಂದೇ ತೊಂದರೆ, ನಾಲ್ಕು ತಂತಿಗೆ ಒಗ್ಗಿದ ಕಣ್ಣು ಅತಿ ದಪ್ಪ ತಂತಿಯನ್ನು ಇ ಎಂದೇ ಓದುತ್ತದೆ. ಮೊದಲ ಕೆಲವು ವಾರ ಬಲಗೈ ಹೆಬ್ಬೆರಳನ್ನು ಬಿ ತಂತಿಯ ಮೇಲೇ ಇಟ್ಟು ಅದನ್ನು ಮೌನವಾಗಿಸಿ, ಇ ತಂತಿಯಿಂದ ಎಣಿಸಿ.